ಹೊಳೆಯುವ ಬಿಲ್ಲೆಗಳ ಸಹವಾಸ

ಹೊಸದಾಗಿ ಫೌಂಡ್ರಿಗೆ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕೆಲಸಕ್ಕೆ ಸೇರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇಷ್ಟು: ಇಲ್ಲಿ ತಪ್ಪೆಲ್ಲ ಬಿಸಿಯಾಗಿರುವಾಗ ಆಗುತ್ತದೆ, ತಣ್ಣಗಾದ ಮೇಲೆ ಗೊತ್ತಾಗುತ್ತದೆ. ನಡುವಿನ ಹೊತ್ತಿನಲ್ಲಿ ಮೇಲಿನವರು ಬಂದು, ಎಲ್ಲ ಛಲೋ ನಡೆದಿದೆ ಎಂದು ಹೊಗಳಿ, ಚಹಾ ಕುಡಿದು ಹೋಗಿರುತ್ತಾರೆ.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ನಿವೃತ್ತಿಯವರೆಗೂ ದುಡಿದೆ. ಗುಣಮಟ್ಟದ ವಿಭಾಗ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಇದು ನಡೆಯುವುದಿಲ್ಲ ಎಂದು ಹೇಳುವುದಕ್ಕೆ ನನಗೆ ಸಂಬಳ. ಮದುವೆಯ ಊಟದಲ್ಲೂ ನಾನು ಪಂಕ್ತಿಯಲ್ಲಿ ಕುಳಿತರೆ ಅಡಿಗೆಯವರು ಅನುಮಾನದಿಂದ ನೋಡುತ್ತಿದ್ದರು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏರಿದಾಗ ನನ್ನ ಕುರ್ಚಿಗೆ ಎರಡು ಕೈ ಬಂದವು, ಅಷ್ಟೇ.

ನಾನು ಹೇಳಹೊರಟಿರುವುದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಗ ನಮ್ಮಲ್ಲಿ ಎರಡು ಹೊಸ ಹುಚ್ಚು ಒಟ್ಟಿಗೇ ಬಂದವು. ಒಂದು ಹೊಸ ತರಹದ ಕಬ್ಬಿಣ, ಇನ್ನೊಂದು ಇಂಟರ್‌ನೆಟ್ಟು. ಎರಡನ್ನೂ ತಂದವರು ನಮ್ಮ ಜನರಲ್ ಮ್ಯಾನೇಜರ್ ದೇಸಾಯಿ ಸಾಹೇಬರು. ಅವರು ಕೆಟ್ಟವರಲ್ಲ. ಹೊಸದೆಂದರೆ ಬಹಳ ಪ್ರೀತಿ, ಹಾಗೆಯೇ ಹಳೆಯ ಪದ್ಧತಿಯನ್ನು ಬಿಡಲೂ ಒಲ್ಲರು. ಕಂಪ್ಯೂಟರ್ ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕೆಂದು ಬೋರ್ಡು ಹಾಕಿಸಿದರು. ಇಮೇಲ್ ಬಂದರೆ ಅದನ್ನು ಕಾಗದದ ಮೇಲೆ ಮುದ್ರಿಸಿ, ಆವಕ ಸಂಖ್ಯೆ ಹಾಕಿ, ಫೈಲಿನಲ್ಲಿ ಅವರ ಮುಂದಿಡಬೇಕು. ಅವರು ಉತ್ತರವನ್ನು ಹೇಳಿ ಬರೆಸುವರು, ಟೈಪಾಗುವುದು, ಸಹಿ ಮಾಡುವರು. ಆಮೇಲೆ ಆ ಸಹಿ ಮಾಡಿದ ಕಾಗದವನ್ನು ನೋಡಿಕೊಂಡು ಒಬ್ಬರು ಮತ್ತೆ ಕಂಪ್ಯೂಟರಿನಲ್ಲಿ ಟೈಪು ಮಾಡಿ ಕಳಿಸುವರು. ಹೀಗಾಗಿ ನಮ್ಮ ಇಮೇಲು ಜರ್ಮನಿಗೆ ಕ್ಷಣದಲ್ಲಿ ಹೋಗುತ್ತಿತ್ತು, ಆದರೆ ಸಾಹೇಬರ ಟೇಬಲ್ಲಿನಿಂದ ಪಕ್ಕದ ಕೋಣೆಗೆ ಹೋಗಲು ವಾರ ಹಿಡಿಯುತ್ತಿತ್ತು.

ಕಬ್ಬಿಣದ ವಿಷಯಕ್ಕೆ ಬರೋಣ. ಮಾಮೂಲಿ ಬೀಡು ಕಬ್ಬಿಣ ಕೆಳಗೆ ಬಿದ್ದರೆ ಒಡೆಯುತ್ತದೆ. ಕರಗಿದಾಗ ಅದಕ್ಕೆ ಸ್ವಲ್ಪ ಮೆಗ್ನೀಷಿಯಂ ಸೇರಿಸಿದರೆ ಒಳಗಿನ ರಚನೆಯೇ ಬೇರೆಯಾಗಿ, ಒಡೆಯುವ ಬದಲು ತುಸು ಬಾಗುತ್ತದೆ. ಪಂಪು ಮಾಡುವ ಜರ್ಮನಿಯ ಗಿರಾಕಿಗೆ ಈ ಕಬ್ಬಿಣವೇ ಬೇಕಿತ್ತು. ಮೆಗ್ನೀಷಿಯಂ ಬಿದ್ದೊಡನೆ ಕಣ್ಣು ಕುಕ್ಕುವ ಬೆಳಕು ಏಳುತ್ತದೆ. ಮೊದಲ ದಿನ ಅದನ್ನು ಕಂಡು ದೇಸಾಯಿ ಸಾಹೇಬರು ಚಪ್ಪಾಳೆ ತಟ್ಟಿದರು. ಬೆಳಕು ಇಳಿದ ಮೇಲೆ ಕಪ್ಪು ಕಿಟ್ಟ ಕೆನೆಗಟ್ಟಿ ಎರಕದೊಳಗೂ ನುಸುಳಿತು. ಗಿರಾಕಿ ನಮ್ಮ ಪಂಪಿನ ಕವಚವನ್ನು ಕೊರೆದು ನೋಡಿದ. ಒಳಗೆ ರವೆ ಉಂಡೆಯಲ್ಲಿ ಇರುವೆ ಸಿಕ್ಕ ಹಾಗೆ ಕಪ್ಪು ಚುಕ್ಕೆ ಕಂಡವು. ಫೋಟೋ ತೆಗೆದು ಇಮೇಲಿನಲ್ಲಿ ಕಳಿಸಿದ. ನಮ್ಮ ಕಾರ್ಖಾನೆಗೆ ಬಂದ ಮೊದಲ ಬಣ್ಣದ ಇಮೇಲು ಅದೇ.

ಕುಲುಮೆಯ ಮುಖ್ಯಸ್ಥ ಹುಸೇನಸಾಬರು ಆ ಫೋಟೋವನ್ನು ತಲೆಕೆಳಗು ಮಾಡಿ, ನೆಟ್ಟಗೆ ಮಾಡಿ ನೋಡಿದರು.

"ಪಾಟೀಲ್ ಸಾಬ್, ಹೊಲಸು ನಮ್ಮದs ಐತ್ರಿ, ಸುಳ್ಳ ಹೇಳಾಕ ಬರೂದಿಲ್ಲ. ಚಹಾ ಸೋಸಿದಂಗ ಕಬ್ಬಿಣಾ ಸೋಸಬೇಕ ನೋಡ್ರಿ."

ಅವರು ತಮಾಷೆಗೆ ಹೇಳಿದ್ದರು, ಆದರೆ ಜಗತ್ತು ಅದನ್ನು ಮಾಡುತ್ತಿತ್ತು. ಕರಗಿದ ಕಬ್ಬಿಣ ಅಚ್ಚಿಗೆ ಇಳಿಯುವ ದಾರಿಯಲ್ಲಿ ತೂತುಗಳಿರುವ ಒಂದು ಸಿರಾಮಿಕ್ ಬಿಲ್ಲೆ ಇಡುತ್ತಾರೆ. ನೋಡಲು ಮನೆಯಲ್ಲಿ ಚಕ್ಕುಲಿ ಒರಳಿಗೆ ಹಾಕುವ ಬಿಲ್ಲೆಯ ಹಾಗೆ. ಕಬ್ಬಿಣ ತೂತಿನಿಂದ ಇಳಿಯುತ್ತದೆ, ಕಿಟ್ಟ ಮೇಲೆಯೇ ನಿಲ್ಲುತ್ತದೆ. ವಿದೇಶದಿಂದ ತರಿಸಿದರೆ ಅದು ಬರುವುದರಲ್ಲಿ ಗಿರಾಕಿ ಬೇರೆ ಊರು ನೋಡಿಕೊಂಡಿರುತ್ತಾನೆ. ಆಗ ನನಗೆ ಖಾನಾಪುರ ನೆನಪಾಯಿತು.

ಖಾನಾಪುರದ ಮಣ್ಣಿನ ಹೆಸರು ದೊಡ್ಡದು. ಅಲ್ಲಿ ಪರಶುರಾಮ ಕುಂಬಾರ ಎಂಬವರ ಹೆಂಚಿನ ಕಾರ್ಖಾನೆ ಇತ್ತು. ಎಲ್ಲರೂ ಸ್ಲ್ಯಾಬು ಹಾಕಿಸತೊಡಗಿದ ಮೇಲೆ ಹೆಂಚು ಕೇಳುವವರಿಲ್ಲದೆ ಭಟ್ಟಿ ತಿಂಗಳಿಗೊಮ್ಮೆ ಉರಿದರೆ ಹೆಚ್ಚು. ಎತ್ತರದ ಚಿಮಣಿ ಮಾತ್ರ ಗತ್ತಿನಿಂದ ನಿಂತಿತ್ತು. ಪರಶುರಾಮ ನಲವತ್ತು ದಾಟಿದ ಮಿತಭಾಷಿ. ಮನೆಯಲ್ಲಿ ತಾಯಿಯೊಬ್ಬರೇ. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು.

ಬಿಲ್ಲೆಯ ನಮೂನೆ ತೋರಿಸಿ, ಇದಕ್ಕೆ ನಿಮ್ಮ ಬಿಳಿ ಮಣ್ಣಿನೊಂದಿಗೆ ಅಲ್ಯುಮಿನಾ ಪುಡಿ ಬೆರೆಸಬೇಕು, ಆಗ ಕರಗಿದ ಕಬ್ಬಿಣದ ಬಿಸಿಯನ್ನು ತಡೆಯುತ್ತದೆ ಎಂದು ಹೇಳಿದೆ.

ಪರಶುರಾಮ ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದರು. "ಮಾಡೂಣ್ರಿ ಸಾಹೇಬ್ರ. ಇದ ಆಗಲಿಲ್ಲಂದ್ರ ಭಟ್ಟಿ ಕೆಡವೂದs ಐತಿ. ಬೆಳಗಾವಿ ಬಿಲ್ಡರ್ ಒಬ್ಬಾಂವ ಜಾಗಾ ಕೇಳಾಕತ್ತಾನು. ಚಿಮಣಿ ಒಡದು ಅದರ ಇಟ್ಟಂಗಿನೂ ಮಾರ್ತಾನಂತ."

ಆಮೇಲೆ ನಡೆದದ್ದೆಲ್ಲ ಆ ಭಟ್ಟಿ ಉಳಿಯುತ್ತದೋ ಉರುಳುತ್ತದೋ ಎಂಬ ಮಾತಿನ ಸುತ್ತಲೇ.

ಬಿಲ್ಲೆ ಸುಡುವ ದಿನ ನಾವು ನೋಡಲು ಹೋಗುತ್ತಿದ್ದೆವು. ದೇಸಾಯಿ ಸಾಹೇಬರು, ನಾನು, ಜೊತೆಗೆ ಜೀಪಿನಲ್ಲಿ ಜಾಗವಿದ್ದಷ್ಟು ಜನ. ಭಟ್ಟಿ ಪೂರಾ ಕಾದಾಗಲೇ ಹೋಗಬೇಕು, ಯಾಕೆಂದರೆ ಕಿಂಡಿಯಿಂದ ನೋಡಿದರೆ ಒಳಗೆ ಬೆಳ್ಳಗೆ ಉರಿಯುವುದು ಕಾಣುತ್ತದೆ, ಸಾಹೇಬರಿಗೆ ಅದು ಬಲು ಇಷ್ಟ. "ವಾ ಪರಶುರಾಮ, ಏನ್ ಭಟ್ಟಿ ಅದ ಮಾರಾಯ! ಬೆಳಗಾವ್ಯಾಗ ಇಂಥಾದ್ದ ಯಾರ ಕಡೇನೂ ಇಲ್ಲ ನೋಡು!" ಎಂದು ಗಟ್ಟಿಯಾಗಿ ಹೊಗಳುವರು. ಆಯಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವರು. ನಮಗೆ ಚಹಾ ಬರುವುದು. ಕುಡಿದು ಹೊರಡುವೆವು.

ಭಟ್ಟಿ ತಣ್ಣಗಾಗಿ ಮಾಲು ಬಂದಾಗ ಅದರಲ್ಲಿ ಎರಡು ಬಗೆ. ಕೆಲವು ಬಿಲ್ಲೆ ಸುಣ್ಣದ ಗೋಡೆಯ ಹಾಗೆ ಮಂಕಾಗಿದ್ದವು. ಕೆಲವಕ್ಕೆ ಚೀನಿ ಬಟ್ಟಲಿನ ಹೊಳಪು ಬಂದಿತ್ತು. ದೇಸಾಯಿ ಸಾಹೇಬರು ಹೊಳೆಯುವುದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ನೋಡು ಪಾಟೀಲ, ಏನ್ ಫಿನಿಶಿಂಗ್ ಅದ! ಇದು ಎಕ್ಸ್‌ಪೋರ್ಟ್ ಕ್ವಾಲಿಟಿ. ಆ ಬೂದಿಬಡಕ ಬಿಲ್ಲಿ ವಾಪಸ್ ಕೊಡು, ನಮಗ ಬ್ಯಾಡ."

ಹೀಗೆ ಹೊಳೆಯುವವು ಫೌಂಡ್ರಿಗೆ ಹೋದವು, ಮಂಕಾದವು ಚೀಲದಲ್ಲಿ ತುಂಬಿ ಖಾನಾಪುರಕ್ಕೆ ಹಿಂದೆ ಹೋದವು. ಹೊಳೆಯುವ ಬಿಲ್ಲೆಯನ್ನು ಅಚ್ಚಿನಲ್ಲಿಟ್ಟು ಹುಸೇನಸಾಬರು ಕಬ್ಬಿಣ ಸುರಿದರು. ಬಿಲ್ಲೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ ಬಾಗಿ, ಕಬ್ಬಿಣದ ಜೊತೆಗೇ ಒಳಗೆ ಇಳಿಯಿತು. ಮೊದಲು ಕಿಟ್ಟ ಮಾತ್ರ ಇತ್ತು, ಈಗ ಕಿಟ್ಟವೂ ಬಿಲ್ಲೆಯೂ ಎರಡೂ ಎರಕದಲ್ಲಿ ಸಿಕ್ಕವು.

ಮುಂದಿನ ಸಲವೂ ಅದೇ ಕಥೆ. ದೇಸಾಯಿ ಸಾಹೇಬರು ಕೆಂಪಾದರು. "ಆ ಮನಷ್ಯಾ ಬೆಂಕಿ ಮುಂದ ನಿದ್ದಿ ಹೊಡೀತಾನ. ಸರಿಯಾಗಿ ಸುಟ್ಟಿಲ್ಲ. ಇನ್ನೊಂದ್ ಸಲ ನೋಡ್ತೀನಿ, ಆಗಲಿಲ್ಲಂದ್ರ ಫಾರಿನ್ ಬಿಲ್ಲಿ ತರಸೋದು. ಖಾನಾಪುರದ ಮಾತ ಮುಗೀತು."

ಪರಶುರಾಮ ನಿದ್ದೆ ಮಾಡುವ ಪೈಕಿ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತಿತ್ತು ಎಂದರೆ ನಡೆಯುವುದಿಲ್ಲ, ತೋರಿಸಬೇಕು. ಇಲ್ಲಿಯವರೆಗೆ ಖಾನಾಪುರದ ಭಟ್ಟಿಯ ಸುದ್ದಿ ನಮಗೆ ಬಸ್ಸಿನಲ್ಲಿ ಬರುತ್ತಿತ್ತು, ಬೇಡವಾದ ಬಿಲ್ಲೆ ಅವರಿಗೆ ಬಸ್ಸಿನಲ್ಲಿ ಹೋಗುತ್ತಿತ್ತು. ಅಷ್ಟರಲ್ಲಿ ಅವರೂ ನಾವೂ ಹೋದ ಸಲದ ತಪ್ಪು ಮರೆತು ಹೊಸ ತಪ್ಪಿಗೆ ಕೈಹಾಕಿರುತ್ತಿದ್ದೆವು. ಆದ್ದರಿಂದ ಭಟ್ಟಿಯೊಳಗೆ ಶಾಖ ಅಳೆಯುವ ತಂತಿ ಇಳಿಸಿ, ಅದನ್ನು ನಮ್ಮ ಫೌಂಡ್ರಿಯಿಂದ ಒಯ್ದ ಹಳೆಯ ಕಂಪ್ಯೂಟರಿಗೆ ಜೋಡಿಸಿ, ಆ ಕಂಪ್ಯೂಟರನ್ನು ಮೋಡೆಮ್ಮಿನ ಮೂಲಕ ಪರಶುರಾಮರ ಮನೆಯ ಫೋನಿಗೆ ಕಟ್ಟಿದೆ. ಭಟ್ಟಿ ಎಷ್ಟು ಕಾದಿದೆ ಎಂಬುದು ಸುಡುವಾಗೆಲ್ಲ ಉದ್ಯಮಬಾಗದಲ್ಲಿ ಗೆರೆಯಾಗಿ ಮೂಡಬೇಕು. ಮೋಡೆಮ್ಮು ಕೀ ಎಂದು ಕೂಗಿ ಗೊರಗೊರ ಎಂದಾಗ ಆಯಿ ಅಡಿಗೆಮನೆಯಿಂದ ಓಡಿ ಬಂದರು.

"ಪರಶ್ಯಾ, ಯಾಕೋ ಹಂಗ ಒದರಾಕತ್ತೈತಿ? ಫೋನಿಗೆ ಏನಾತೋ?"

"ಏನೂ ಆಗಿಲ್ಲವಾ, ಬೆಳಗಾವಿ ಕೂಡ ಮಾತಾಡಾಕತ್ತೈತಿ."

"ಹಿಂಗ ಜಗಳಾಡ್ಕೋತನ?"

ಮಳೆಗೆ ಕೊಂಬೆ ಬಿದ್ದರೆ ಲೈನು ಸಾಯುತ್ತಿತ್ತು. ಲೈನ್‌ಮನ್ ಬಂದು ಬದುಕಿಸುತ್ತಿದ್ದ. ಆದರೂ ಗೆರೆ ಬಂತು. ಬಿಲ್ಲೆ ಸುಡುತ್ತಿದ್ದ ಇಡೀ ಹೊತ್ತೂ ಶಾಖ ಎಲ್ಲಿಯೂ ಜಾರದೆ, ಎಲ್ಲಿ ಏರಬೇಕೋ ಅಲ್ಲಿ ಏರಿ, ನಿಲ್ಲಬೇಕಾದಲ್ಲಿ ನಿಂತಿತ್ತು. ಅಷ್ಟು ಸೊಗಸಾದ ಗೆರೆಯನ್ನು ನಮ್ಮ ಸ್ವಂತ ಕುಲುಮೆಯಲ್ಲೂ ನಾನು ಕಂಡಿರಲಿಲ್ಲ. ನಾನು ಅದನ್ನು ಮುದ್ರಿಸಿ, ಆವಕ ಸಂಖ್ಯೆ ಹಾಕಿಸಿಯೇ, ದೇಸಾಯಿ ಸಾಹೇಬರ ಮುಂದಿಟ್ಟೆ. ನಿದ್ದೆಯ ಮಾತು ಅಲ್ಲಿಗೆ ನಿಂತಿತು. ಹೊಸಬರು ನೆನಪಿಡಿ, ತಂತಿ ಜೋಡಿಸಿದ್ದರಿಂದ ನನಗೆ ಮೊದಲು ಸಿಕ್ಕ ಲಾಭ ಒಬ್ಬ ಮನುಷ್ಯನ ಮೇಲಿನ ಸುಳ್ಳು ಆರೋಪ ಇಳಿದದ್ದು. ಉತ್ಪಾದನೆ ಗಿತ್ಪಾದನೆ ಎಲ್ಲ ಆಮೇಲೆ.

ಶಾಖ ಸರಿ, ಮಣ್ಣು ಸರಿ. ಹಾಗಾದರೆ ಬಿಲ್ಲೆ ಯಾಕೆ ಮೆತ್ತಗಾಗುತ್ತದೆ? ತಲೆ ಕೆಟ್ಟು ಹೋಯಿತು.

ಉತ್ತರ ಸಿಕ್ಕದ್ದು ಜೀಪು ಕೆಟ್ಟದ್ದರಿಂದ. ಆ ದಿನವೂ ನಾವು ಕಿಂಡಿಯಿಂದ ಭಟ್ಟಿ ನೋಡಿದೆವು, ಸಾಹೇಬರು ಹೊಗಳಿದರು, ಚಹಾ ಕುಡಿದೆವು. ಜೀಪು ಚಾಲೂ ಆಗಲಿಲ್ಲ. ಸಾಹೇಬರು ಬಸ್ಸು ಹಿಡಿದು ಹೋದರು, ನಾನು ಮೆಕ್ಯಾನಿಕ್ ಬರಲೆಂದು ಅಲ್ಲಿಯೇ ಉಳಿದೆ. ಇನ್ನೂ ಬಿಸಿಲಿತ್ತು. ಭಟ್ಟಿಯ ಹಿಂದೆ ಕಟ್ಟೆಯ ಮೇಲೆ ಕುಳಿತಿದ್ದೆ. ಎಲ್ಲರೂ ಹೋದರೆಂದು ತಿಳಿದು ಆಯಿ ಹೊರಗೆ ಬಂದರು. ಕೈಯಲ್ಲಿ ಒಂದು ಮೊರ. ಮೊರದ ತುಂಬ ಹರಳುಪ್ಪು, ಮೇಲೆ ಹಿಡಿ ಒಣಮೆಣಸಿನಕಾಯಿ. ಭಟ್ಟಿಗೆ ಅದನ್ನು ನಿವಾಳಿಸಿ, ಬಾಯಲ್ಲಿ ಏನೋ ಅಂದುಕೊಂಡು, ಎಲ್ಲವನ್ನೂ ಬೆಂಕಿಯ ಬಾಯಿಗೆ ಸುರಿದರು. ಚಟಪಟ ಸಿಡಿದು ಬೆಳ್ಳನೆಯ ಹೊಗೆ ಒಳಗೆ ಹೊಕ್ಕಿತು. ಆಯಿ ಮೂಗೆತ್ತಿ ಗಾಳಿ ಮೂಸಿದರು. ಮುಖ ಬಾಡಿತು. ಒಳಗೆ ಹೋಗಿ ಇನ್ನೊಂದು ಮೊರ ಉಪ್ಪು ತಂದರು.

ನನಗೆ ಕಾಲೇಜಿನಲ್ಲಿ ಓದಿದ್ದು ತಟ್ಟನೆ ನೆನಪಾಯಿತು. ಕಾದ ಭಟ್ಟಿಗೆ ಉಪ್ಪು ಬಿದ್ದರೆ ಆವಿಯಾಗಿ ಮಣ್ಣಿನ ಮೈಗೆ ಅಂಟಿ ಗಾಜಾಗುತ್ತದೆ. ಹಿಂದಿನವರು ಉಪ್ಪಿನಕಾಯಿ ಭರಣಿಗೆ ಹೀಗೆಯೇ ಹೊಳಪು ಕೊಡುತ್ತಿದ್ದರು. ಭರಣಿಗೆ ಒಳ್ಳೆಯದೇ. ಆದರೆ ಕರಗಿದ ಕಬ್ಬಿಣದ ಮುಂದೆ ಆ ಗಾಜು ಬೆಣ್ಣೆ. ಬೆಂಕಿಯ ಬಾಯಿಗೆ ಹತ್ತಿರವಿದ್ದ ಬಿಲ್ಲೆಗಳಿಗೆ ಹೊಳಪು ಬಂದಿತ್ತು, ದೂರದವು ಮಂಕಾಗಿ ಗಟ್ಟಿಯಾಗಿ ಉಳಿದಿದ್ದವು. ನಾವು ಕೆಟ್ಟವನ್ನೇ ಆರಿಸಿ ಆರಿಸಿ ಒಯ್ದು, ಒಳ್ಳೆಯವನ್ನು ಚೀಲದಲ್ಲಿ ವಾಪಸು ಕಳಿಸಿದ್ದೆವು. ಅದರ ಮೇಲೆ ನಾವು ನೋಡಲು ಬಂದಷ್ಟೂ, ಹೊಗಳಿದಷ್ಟೂ ಉಪ್ಪು ಹೆಚ್ಚು ಬೀಳುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಆಯಿ ಬೆಚ್ಚಿ ತಿರುಗಿದರು. "ಅಗ ಬಾಯಿ! ನೀ ಹೋಗಿಲ್ಲೇನು?"

"ಆಯೀ, ಇದೇನ ಮಾಡಾಕತ್ತೀರಿ?"

"ದಿಷ್ಟಿ ತಗ್ಯಾಕತ್ತೀನಿ. ಸಿಟ್ಟ ಆಗಬ್ಯಾಡ ತಮ್ಮಾ, ನಿನ್ನ ಕಣ್ಣ ಭಾಳ ಕೆಟ್ಟ. ಆ ದೊಡ್ಡ ಸಾಹೇಬ ಬರೇ ಬಾಯಿಲೆ ಹೊಗಳ್ತಾನು. ನೀ ಮಾತಾಡದ ಕನ್ನಡಕದಾಗಿಂದ ನೋಡ್ತಿ."

ಜೀವನವಿಡೀ ತಪ್ಪು ಹುಡುಕಿ ಸಂಬಳ ಎಣಿಸಿದವನಿಗೆ ಇದಕ್ಕಿಂತ ನೇರವಾದ ಪ್ರಶಸ್ತಿಪತ್ರ ಯಾರೂ ಕೊಟ್ಟಿರಲಿಲ್ಲ.

"ಅಲ್ರೀ, ದಿಷ್ಟಿಗೆ ಒಂದ ಮುಷ್ಟಿ ಸಾಕಲ್ಲ? ಇಷ್ಟ್ಯಾಕ?"

"ಮನಷ್ಯಾಗಾದ್ರ ಮುಷ್ಟಿ ಸಾಕು. ಭಟ್ಟಿ ಮನಿಗಿಂತ ದೊಡ್ಡದ ಐತಿ. ಅಷ್ಟ ಹಾಕಿದ್ರೂ ಮೆಣಸಿನಕಾಯಿ ಘಾಟ ಏಳವಲ್ದು. ಘಾಟ ಬರಲಿಲ್ಲಂದ್ರ ದಿಷ್ಟಿ ಭಾಳ ಐತಿ ಅಂತ ಅರ್ಥ. ಅದಕ್ಕ ಮತ್ತ ಹಾಕ್ತೀನಿ."

ಘಾಟು ಹೇಗೆ ಬಂದೀತು? ಆ ಎತ್ತರದ ಚಿಮಣಿ ಇದ್ದಬದ್ದ ಹೊಗೆಯನ್ನೆಲ್ಲ ಎಳೆದು ಆಕಾಶಕ್ಕೆ ಬಿಡುತ್ತಿತ್ತು. ಅದನ್ನು ಹೇಳಿದೆ. ಆಯಿ ನಂಬಲಿಲ್ಲ. ಪರಶುರಾಮ ಬಂದರು. ಮಗನ ಭಟ್ಟಿಯನ್ನು ಕಾಯಲು ಹೋಗಿ ತಾಯಿಯೇ ಮಾಲು ಕೆಡಿಸಿದ್ದಾರೆ ಎಂದು ಹೇಳುವುದು ಹೇಗೆ? ಕೊನೆಗೆ ಹಿಂದಿರುಗಿಸಿದ್ದ ಮಂಕು ಬಿಲ್ಲೆಯ ಚೀಲವನ್ನು ಕೇಳಿ ಪಡೆದೆ. ಬೆಳಗಾವಿಯಲ್ಲಿ ಹುಸೇನಸಾಬರ ಮುಂದೆ ಒಂದು ಮಂಕು, ಒಂದು ಹೊಳಪಿನದು ಇಟ್ಟು ಕಬ್ಬಿಣ ಸುರಿಸಿದೆ. ಹೊಳಪಿನದು ಮೆತ್ತಗಾಗಿ ಮಡಚಿಕೊಂಡಿತು, ಮಂಕಾದದ್ದು ಜಪ್ಪಯ್ಯ ಎನ್ನಲಿಲ್ಲ.

"ಯಾ ಅಲ್ಲಾ," ಎಂದರು ಹುಸೇನಸಾಬರು, "ಖೂಬಸೂರತ್ ಇದ್ದದ್ದs ದಗಾ ಕೊಡತೈತಲ್ರಿ."

ಮಾರನೆಯ ದಿನ ಎರಡೂ ತುಂಡು ತೆಗೆದುಕೊಂಡು ಖಾನಾಪುರಕ್ಕೆ ಹೋಗಿ ತಾಯಿ ಮಗನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪರಶುರಾಮ ತಾಯಿಯ ಕಡೆ ನೋಡಲಿಲ್ಲ. ನೆಲ ನೋಡುತ್ತ ನಿಂತರು. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸಿತು. ಆಯಿ ಬಾಗಿದ ಬಿಲ್ಲೆಯನ್ನು ಕೈಗೆತ್ತಿಕೊಂಡು ಅದರ ತೂತುಗಳ ಮೇಲೆ ಬೆರಳಾಡಿಸಿದರು.

"ನಾನs ಕೆಡಿಸಿದ್ನೇನ ಹಂಗಾದ್ರ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪ ಹಾಕೂದಿಲ್ಲ, ಬಿಡು. ಆದ್ರ ಇವನ್ನ ಕಾಯೋರ ಯಾರು? ಇವರಪ್ಪ ಈ ಭಟ್ಟಿ ಮುಂದs ಕುಸದ ಬಿದ್ದು ಹೋದ. ಆವಾಗಿಂದ ತಗ್ಯಾಕತ್ತೀನಿ. ಒಮ್ಮೆರ ಘಾಟ ಬಂದಿಲ್ಲ."

ನನ್ನ ನಗುವೆಲ್ಲ ಅಲ್ಲಿಗೆ ಮುಗಿಯಿತು. ಕಂಪ್ಯೂಟರು, ಮೋಡೆಮ್ಮು, ಶಾಖದ ಗೆರೆ ಯಾವುದೂ ಮನುಷ್ಯನನ್ನು ಕಾಯುವುದಿಲ್ಲ. "ಭಟ್ಟಿಗೆ ತಗೀಬ್ಯಾಡ್ರಿ ಆಯೀ. ಪರಶುರಾಮಗs ತಗೀರಿ. ಮನಿ ಒಲಿಗೆ ಹಾಕ್ರಿ," ಎಂದೆ.

"ಈಗೇನ ಅಂವ ಮಾಡಿ ತೋರಿಸ್ಯಾನಂತ ತಗೀಲಿ? ಕೆಲಸ ಆಗಲಿ, ಮಂದಿ ಹೊಗಳಲಿ, ಆವಾಗ ತಗೀತೀನಿ."

ಮುಂದಿನ ಸುಡುವಿಕೆಗೆ ಯಾರೂ ನೋಡಲು ಹೋಗಬಾರದೆಂದು ನಾನು ಹಟ ಹಿಡಿದೆ. ದೇಸಾಯಿ ಸಾಹೇಬರಿಗೆ ಕಾರಣವೇನೆಂದು ಹೇಳಿರಲಿಲ್ಲ. ನೋಡಲೆಂದು ಕಿಂಡಿ ತೆರೆದರೆ ಶಾಖ ಇಳಿಯುತ್ತದೆ, ಇಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ನೋಡಿ ಎಂದೆ. ಅವರು ಚಪ್ಪಲಿ ಬಿಟ್ಟು ಕೋಣೆಗೆ ಬಂದು, ಪರದೆಯ ಮೇಲಿನ ಗೆರೆಯನ್ನೇ "ವಾ, ಏನ್ ಭಟ್ಟಿ ಅದ ಮಾರಾಯ!" ಎಂದು ಹೊಗಳಿದರು. ಫೋನಿನ ತಂತಿಯ ಮೂಲಕ ಹೊಗಳಿಕೆ ಹೋಗುತ್ತಿರಲಿಲ್ಲ, ಅದೇ ಪುಣ್ಯ. ಈ ಸಲ ಬಂದ ಬಿಲ್ಲೆಗಳಲ್ಲಿ ಒಂದಕ್ಕೂ ಹೊಳಪಿರಲಿಲ್ಲ. ಸಾಹೇಬರು ಮೂಗು ಮುರಿದರು. ನಾನು ಎರಡು ತುಂಡುಗಳನ್ನು ತೋರಿಸಿ ಎಲ್ಲ ಹೇಳಿದೆ. ಅವರು ಕಿಟಕಿಯ ಆಚೆ ನೋಡಿ, "ನನಗ ಮೊದಲs ಅನುಮಾನ ಇತ್ತು," ಎಂದರು. ಮೇಲಿನವರು ಹೀಗೆಯೇ. ಒಪ್ಪಿಕೊಂಡರಲ್ಲ ಎಂದು ಸುಮ್ಮನಿರಬೇಕು.

ಕವಚಗಳನ್ನು ಎರಕ ಹೊಯ್ದು ಕೊರೆದು ನೋಡಿದೆವು. ಹುಡುಕಿದರೂ ಚುಕ್ಕೆ ಇಲ್ಲ. ಫೋಟೋ ಜರ್ಮನಿಗೆ ಹೋಯಿತು, ಈ ಸಲ ಸಹಿಯ ಪ್ರಯಾಣ ತಪ್ಪಿಸಿ ನಾನೇ ನೇರವಾಗಿ ಕಳಿಸಿದೆ. ಗಿರಾಕಿಯ ಉತ್ತರ ಬರುವವರೆಗೆ ಪರಶುರಾಮ ಬೆಳಗಾವಿಗೆ ಬಂದು ನಮ್ಮ ಗೇಟಿನ ಬಳಿಯ ಚಹಾದಂಗಡಿಯಲ್ಲಿ ಕುಳಿತಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಉತ್ತರ ಒಂದೇ ಸಾಲಿನದು, ಮಾಲು ಪಾಸಾಗಿದೆ, ಇದೇ ಬಿಲ್ಲೆ ಮುಂದುವರಿಸಿ ಎಂದಿತ್ತು. ನಾನು ಗೇಟಿಗೆ ಓಡಿದೆ. ಪರಶುರಾಮ ಕೇಳಿಸಿಕೊಂಡು, "ಚಿಮಣಿ ಉಳೀತ್ರಿ," ಎಂದು ಇನ್ನೊಂದು ಚಹಾ ಹೇಳಿದರು. ಬಂದ ಚಹಾ ಕುಡಿಯುವುದನ್ನೇ ಮರೆತರು.

ಭಟ್ಟಿಗೆ ಮೊದಲ ದೊಡ್ಡ ಆರ್ಡರ್ ಕೊಡಲು ದೇಸಾಯಿ ಸಾಹೇಬರೂ ನಾನೂ ಖಾನಾಪುರಕ್ಕೆ ಹೋದೆವು. ಸಾಹೇಬರು ಅಂಗಳದಲ್ಲಿ ನಿಂತು ಮನಸ್ಸಿಗೆ ಬಂದಷ್ಟು ಹೊಗಳಿದರು. ಆಯಿ ಬಾಗಿಲ ಮರೆಯಿಂದ ಮುಂದೆ ಬಂದು ಮಗನ ರಟ್ಟೆ ಹಿಡಿದರು. ನನಗೂ, "ನೀನೂ ಬಾ," ಎಂದರು.

ಅಡಿಗೆಮನೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ನಲವತ್ತು ದಾಟಿದ ಪರಶುರಾಮರನ್ನೂ, ತಲೆ ನರೆಯುತ್ತಿದ್ದ ನನ್ನನ್ನೂ ಎರಡು ಮಣೆ ಹಾಕಿ ಒಟ್ಟಿಗೆ ಕೂಡಿಸಿದರು. ಮುಷ್ಟಿಯಷ್ಟೇ ಉಪ್ಪು, ಮೆಣಸಿನಕಾಯಿ. ಇಬ್ಬರಿಗೂ ನಿವಾಳಿಸಿ ಒಲೆಗೆ ಹಾಕಿದರು.

ಆ ಪುಟ್ಟ ಅಡಿಗೆಮನೆಗೆ ಚಿಮಣಿ ಇರಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಘಾಟು ಗಂಟಲಿಗೆ ಅಡರಿತು. ಪರಶುರಾಮ ಕೆಮ್ಮಿದರು, ನಾನು ಕೆಮ್ಮಿದೆ, ಅಂಗಳದಲ್ಲಿ ದೇಸಾಯಿ ಸಾಹೇಬರೂ ಕೆಮ್ಮಿ, "ಏನ ಸುಡಾಕತ್ತೀರಪಾ!" ಎಂದು ಕೂಗಿದರು. ಆಯಿ ಮೊದಲು ಗಾಬರಿಯಾಗಿ ನಿಂತರು. ಆಮೇಲೆ ಅವರಿಗೂ ಕೆಮ್ಮು ಹತ್ತಿತು. ಕೆಮ್ಮುತ್ತಲೇ ನೆಲಕ್ಕೆ ಕುಸಿದು ಕುಳಿತು, ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು.

"ಬಂತ ನೋಡೋ ಘಾಟ! ಪರಶ್ಯಾ, ಬಂತೋ! ಯಾರ ಕಣ್ಣೂ ಇಲ್ಲ ನಿನ್ನ ಮ್ಯಾಲ!"

ಅವರು ಅಳುತ್ತಿದ್ದರು, ನಗುತ್ತಿದ್ದರು. ಪರಶುರಾಮರ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ನಾನು ಉಸಿರು ಕಟ್ಟಿ ಬಾಗಿಲ ಕಡೆ ಎದ್ದೆ. ಆಯಿ ನನ್ನ ಅಂಗಿ ಹಿಡಿದು ಎಳೆದು ಮತ್ತೆ ಮಣೆಯ ಮೇಲೆ ಕೂಡಿಸಿದರು.

"ಕುಂದರು, ಎಲ್ಲಿ ಓಡ್ತಿ? ಕೆಮ್ಮರಿ. ಇಬ್ಬರೂ ಇನ್ನಷ್ಟ ಛಲೋತ್ನಾಗಿ ಕೆಮ್ಮರಿ."